ಇಂಜಿನ್ ಹೋದ ಗಾಡಿಯೂ ನಮ್ಮ ತಪ್ಪು ಲೆಕ್ಕವೂ

'ಗಾಡಿಯ ಬೆಲೆಗಿಂತ ಇಂಜಿನ್ ಕೆಲಸದ ಖರ್ಚೇ ಹೆಚ್ಚು. ಯಾಕೆ ಸುಮ್ಮನೆ ದುಡ್ಡು ಸುರಿಯುತ್ತೀರಿ? ಬಂದಷ್ಟಕ್ಕೆ ಕೊಟ್ಟು ಹೊಸದು ತಗೊಳ್ಳಿ.'

ಹಳೆಯ ಕಾರಿನ ಸೈಲೆನ್ಸರಿನಿಂದ ನೀಲಿ ಹೊಗೆ ಬರತೊಡಗಿದ ದಿನದಿಂದಲೇ ಅದರ ಮಾಲೀಕನಿಗೆ ಈ ಉಪದೇಶ ಪುಕ್ಕಟೆಯಾಗಿ ಸಿಗತೊಡಗುತ್ತದೆ. ಭಾವಮೈದುನ ಹೇಳುತ್ತಾನೆ, ಜೊತೆಯಲ್ಲಿ ಕೆಲಸ ಮಾಡುವವರು ಹೇಳುತ್ತಾರೆ, ಜುಮಾ ನಮಾಝ್ ಮುಗಿಸಿ ಮಸೀದಿಯ ಮೆಟ್ಟಿಲ ಮೇಲೆ ಚಪ್ಪಲಿ ಹುಡುಕುತ್ತಿರುವ ನೆರೆಯವನೂ ಹೇಳುತ್ತಾನೆ. ಇವರಲ್ಲಿ ಹೆಚ್ಚಿನವರು ಗಾಡಿಯ ಬಾನೆಟ್ ಎತ್ತಿ ನೋಡಿದವರಲ್ಲ. ಆದರೂ ತೀರ್ಪು ಮಾತ್ರ ಎಲ್ಲರದ್ದೂ ಒಂದೇ. ಒಂದು ಮಾತು ಇಷ್ಟೊಂದು ಜನರ ಬಾಯಲ್ಲಿ ಇಷ್ಟು ಸರಾಗವಾಗಿ ಬರುತ್ತಿದ್ದರೆ ಅದು ಎಲ್ಲಿಂದ ಬಂತು, ಅದರಿಂದ ಯಾರಿಗೆ ಲಾಭ ಎಂದು ಕೇಳುವುದು ಅಗತ್ಯ. ನಮ್ಮ ದೃಷ್ಟಿಯಲ್ಲಿ ಈ ಉಪದೇಶದ ಲೆಕ್ಕವೇ ತಪ್ಪು. ಈ ತಪ್ಪು ಲೆಕ್ಕವನ್ನು ನಂಬಿ ಎಷ್ಟೋ ಮಧ್ಯಮ ವರ್ಗದ ಮನೆಗಳು ಐದೈದು ವರ್ಷ ಕಂತು ಕಟ್ಟುತ್ತಾ ಬದುಕುತ್ತಿವೆ.

ಮಾತು ಗಾಳಿಯಲ್ಲಿ ತೇಲದಿರಲಿ ಎಂದು ಕಮಲನಗರವನ್ನೇ ತೆಗೆದುಕೊಳ್ಳೋಣ. ಬೀದರ್ ಜಿಲ್ಲೆಯ ಉತ್ತರದ ಅಂಚಿನಲ್ಲಿ, ಮಹಾರಾಷ್ಟ್ರದ ಉದಗೀರಿನ ಮಗ್ಗುಲಲ್ಲಿರುವ ಊರಿದು. ಮೊದಲು ಔರಾದ್ ತಾಲ್ಲೂಕಿಗೆ ಸೇರಿತ್ತು. 2017ರ ರಾಜ್ಯ ಬಜೆಟ್ಟಿನಲ್ಲಿ ಘೋಷಣೆಯಾದ ಹೊಸ ತಾಲ್ಲೂಕುಗಳ ಪಟ್ಟಿಯಲ್ಲಿ ಸೇರಿ ತಾಲ್ಲೂಕು ಕೇಂದ್ರವಾಯಿತು. ವಿಕಾರಾಬಾದ್-ಪರಳಿ ಮಾರ್ಗದ ರೈಲು ನಿಲ್ದಾಣವಿದೆ. ಕನ್ನಡ, ಮರಾಠಿ, ದಖನಿ ಉರ್ದು ಮೂರೂ ಒಂದೇ ಚಹಾ ಅಂಗಡಿಯಲ್ಲಿ ಕೇಳಿಸುತ್ತವೆ. ತಾಲ್ಲೂಕಿನ ಫಲಕ ಬಂದ ಮಾತ್ರಕ್ಕೆ ದೂರಗಳೇನೂ ಕಡಿಮೆಯಾಗಲಿಲ್ಲ. ದಾಬಕಾ, ಠಾಣಾಕುಶನೂರ ಕಡೆಯ ಹಳ್ಳಿಯೊಂದರಲ್ಲಿ ರಾತ್ರಿ ಹನ್ನೊಂದಕ್ಕೆ ಯಾರಿಗಾದರೂ ಎದೆನೋವು ಬಂದರೆ ಉದಗೀರಿಗೋ ಭಾಲ್ಕಿಗೋ ಹೊರಡಬೇಕು. ದೊಡ್ಡ ಕಾಯಿಲೆಯಾದರೆ ಬೀದರಿನ ವೈದ್ಯಕೀಯ ಕಾಲೇಜು ಆಸ್ಪತ್ರೆ. ಆಗ ಬಾಗಿಲು ತಟ್ಟುವುದು ಊರಿನಲ್ಲಿ ಗಾಡಿ ಇರುವವನ ಮನೆಯದ್ದೇ. ಆ ಗಾಡಿ ಬಹುತೇಕ ಹಳೆಯದು. ಒಂದು ಮಾರುತಿ 800, ಒಂದು ಓಮ್ನಿ, ಒಂದು ಟಾಟಾ ಸುಮೊ ಅಥವಾ ಯಾರೋ ಬೀದರಿನಲ್ಲಿ ಬಳಸಿ ಬಿಟ್ಟ ಇಂಡಿಕಾ. ಸಂತೆಗೂ ಅದೇ, ಮದುವೆಗೂ ಅದೇ, ಜನಾಝಕ್ಕೆ ದೂರದ ಬಂಧುಗಳನ್ನು ಕರೆತರುವುದಕ್ಕೂ ಅದೇ. ಬೆಂಗಳೂರಿನಲ್ಲಿ ಕಾರು ಹೋದರೆ ಬಸ್ಸಿದೆ, ಮೆಟ್ರೊ ಇದೆ, ಮೊಬೈಲಿನಲ್ಲಿ ಕರೆದರೆ ಬರುವ ಬಾಡಿಗೆ ಗಾಡಿಯಿದೆ. ಇಲ್ಲಿ ಕಾರು ಹೋದರೆ ಒಂದು ಓಣಿಯ ಕಾಲೇ ಹೋದಂತೆ.

ಈ ಗಾಡಿಗಳನ್ನು ತಯಾರಿಸುವುದನ್ನೇ ಕಂಪೆನಿಗಳು ನಿಲ್ಲಿಸಿವೆ. 1983ರ ಡಿಸೆಂಬರಿನಲ್ಲಿ ರಸ್ತೆಗಿಳಿದ ಮಾರುತಿ 800ರ ಉತ್ಪಾದನೆ 2014ರ ಜನವರಿಯಲ್ಲಿ ನಿಂತಿತು. ಅದೇ ವರ್ಷ ಅಂಬಾಸಡರ್ ನಿಂತಿತು. ಸುಮೊ 2019ರಲ್ಲಿ ನಿಂತಿತು. ತಯಾರಿ ನಿಂತ ಮಾತ್ರಕ್ಕೆ ಓಡುವುದು ನಿಲ್ಲಲಿಲ್ಲ. 800ರದ್ದು ಮೂರು ಸಿಲಿಂಡರಿನ, 796 ಸಿ.ಸಿ.ಯ ಸರಳ ಇಂಜಿನ್. ಕಂಪ್ಯೂಟರ್ ಜೋಡಿಸದೆ, ಕಿವಿ ಮತ್ತು ಕೈಯಿಂದಲೇ ಅದರ ಅರ್ಧ ರೋಗ ಹಿಡಿಯಬಲ್ಲ ಮಿಸ್ತ್ರಿಗಳು ಪ್ರತಿ ತಾಲ್ಲೂಕಿನಲ್ಲೂ ಇದ್ದಾರೆ. ಬಿಡಿಭಾಗಗಳೂ ಸಿಗುತ್ತವೆ.

ಈಗ ಲೆಕ್ಕಕ್ಕೆ ಬರೋಣ. ಕಮಲನಗರದಲ್ಲಿ ಮನೆ, ಹತ್ತು-ಹದಿನೈದು ಕಿಲೊಮೀಟರ್ ದೂರದ ಹಳ್ಳಿಯಲ್ಲಿ ಶಾಲೆ. ಅಂಥ ಒಬ್ಬ ಮಾಸ್ತರರಿದ್ದಾರೆ ಎಂದಿಟ್ಟುಕೊಳ್ಳಿ. ಅವರ ಬಳಿ 2008ರ ಮಾರುತಿ 800 ಇದೆ. ವರ್ಷಕ್ಕೆ ಹತ್ತು ಸಾವಿರ ಕಿಲೊಮೀಟರ್ ಓಡುತ್ತದೆ. ಇಂಜಿನ್ ಆಯಿಲ್ ಕುಡಿಯತೊಡಗಿದೆ, ಏರಿನಲ್ಲಿ ಎಳೆಯುತ್ತಿಲ್ಲ. ಬೋರ್ ಮಾಡಿಸಿ, ಪಿಸ್ಟನ್-ರಿಂಗ್ ಹಾಕಿಸಿ, ಹೆಡ್ ಕೆಲಸ ಮುಗಿಸಲು 45 ಸಾವಿರ ರೂಪಾಯಿ ಎಂದು ಮಿಸ್ತ್ರಿ ಹೇಳಿದ್ದಾನೆ. ಸರಿಯಾಗಿ ಓಡುವ ಇಂಥದೇ ಗಾಡಿಗೆ ಮಾರುಕಟ್ಟೆಯಲ್ಲಿ 40 ಸಾವಿರ. ಈಗಿನ ಸ್ಥಿತಿಯಲ್ಲಿ ಕೊಟ್ಟರೆ 20 ಸಾವಿರ. (ಇವು ಉದಾಹರಣೆಯ ಅಂಕಿಗಳು, ಓದುಗರು ತಮ್ಮ ಗಾಡಿಯ ಅಂಕಿ ಹಾಕಿಕೊಳ್ಳಲಿ.) 'ನಲವತ್ತರ ಗಾಡಿಗೆ ನಲವತ್ತೈದರ ಕೆಲಸವೇ?' ಎಂಬ ಉದ್ಗಾರ ಹುಟ್ಟುವುದು ಇಲ್ಲಿಯೇ.

ಈ ಉದ್ಗಾರದಲ್ಲಿ ಏನು ತಪ್ಪಿದೆ? ಮಾಸ್ತರರು ಗಾಡಿಯನ್ನು ಮಾರಲು ಹೊರಟಿಲ್ಲ, ಓಡಿಸಲು ಹೊರಟಿದ್ದಾರೆ. ಮಾರುವವನಿಗೆ ಮಾರುಕಟ್ಟೆ ಬೆಲೆ ಮುಖ್ಯ. ಓಡಿಸುವವನಿಗೆ ಮುಖ್ಯವಾದದ್ದು ಇನ್ನೆಷ್ಟು ದೂರ ಓಡುತ್ತದೆ, ಕಿಲೊಮೀಟರಿಗೆ ಎಷ್ಟು ಬೀಳುತ್ತದೆ ಎಂಬುದು. ಕೆಲಸ ಚೆನ್ನಾಗಿ ಆಗಿ ಗಾಡಿ ನಾಲ್ಕು ವರ್ಷ ಓಡಿತೆಂದರೆ 40 ಸಾವಿರ ಕಿಲೊಮೀಟರ್. ಆ 45 ಸಾವಿರ ಕಿಲೊಮೀಟರಿಗೆ ಒಂದು ರೂಪಾಯಿ ಹನ್ನೆರಡು ಪೈಸೆಯ ಹಾಗೆ ಹಂಚಿಹೋಗುತ್ತದೆ. ಸರಿಯಾದ ಪ್ರಶ್ನೆ ಇದು: ಈಗಿನ ಗಾಡಿಯ 20 ಸಾವಿರ ಮತ್ತು ಕೆಲಸದ 45 ಸಾವಿರ, ಒಟ್ಟು 65 ಸಾವಿರಕ್ಕೆ, ಹೊಸದಾಗಿ ಇಂಜಿನ್ ಕಟ್ಟಿದ, ಹಿಂದಿನ ಚರಿತ್ರೆಯೆಲ್ಲ ಗೊತ್ತಿರುವ ಬೇರೊಂದು ಗಾಡಿ ಸಿಗುತ್ತದೆಯೇ?

ಇಲ್ಲೊಬ್ಬ ಜಾಣ ಎದ್ದು ನಿಲ್ಲುತ್ತಾನೆ. 'ಸರಿಯಾಗಿ ಓಡುವ ಗಾಡಿ ನಲವತ್ತಕ್ಕೆ ಸಿಗುತ್ತದೆಂದು ನೀವೇ ಹೇಳಿದಿರಿ. ಇದನ್ನು ಇಪ್ಪತ್ತಕ್ಕೆ ಕೊಟ್ಟು, ಮೇಲೆ ಇಪ್ಪತ್ತು ಹಾಕಿ ಅದನ್ನೇ ತಂದರಾಯಿತಲ್ಲ?' ಪ್ರಶ್ನೆ ಚೆನ್ನಾಗಿದೆ. ಆದರೆ ಆ ಗಾಡಿ ನಲವತ್ತಕ್ಕೆ ಏಕೆ ಸಿಗುತ್ತಿದೆ? ಅದರ ಹೊಟ್ಟೆಯೊಳಗೆ ಏನಿದೆಯೆಂದು ಕೊಳ್ಳುವವನಿಗೆ ಗೊತ್ತಿಲ್ಲ, ಮಾರುವವನಿಗೆ ಗೊತ್ತು. ಅಮೆರಿಕದ ಅರ್ಥಶಾಸ್ತ್ರಜ್ಞ ಜಾರ್ಜ್ ಅಕೆರ್ಲಾಫ್ 1970ರಲ್ಲಿ ಹಳೆಯ ಕಾರುಗಳ ಮಾರುಕಟ್ಟೆಯನ್ನೇ ಉದಾಹರಣೆಯಾಗಿಟ್ಟು ಬರೆದದ್ದು ಇದನ್ನೇ. ಒಳಗಿನ ಗುಣ ಕಾಣದ ಕಡೆ ಕೊಳ್ಳುವವನು ಅನುಮಾನದ ಬೆಲೆಯನ್ನಷ್ಟೇ ಕೊಡುತ್ತಾನೆ. ಆ ಬೆಲೆಗೆ ಒಳ್ಳೆಯ ಗಾಡಿಯವರು ಮಾರಲು ಬರುವುದಿಲ್ಲ, ಕೆಟ್ಟ ಗಾಡಿಗಳೇ ಮುಂದೆ ಬಂದು ನಿಲ್ಲುತ್ತವೆ. ಈ ವಿಚಾರಗಳಿಗಾಗಿ 2001ರಲ್ಲಿ ಅವರಿಗೆ ನೊಬೆಲ್ ಬಹುಮಾನದ ಪಾಲು ಬಂತು. ನಮ್ಮ ಉದಗೀರ್ ರಸ್ತೆಯ ಯಾವ ದಲ್ಲಾಳಿಗೂ ಇದು ಹೊಸ ವಿಷಯವಲ್ಲ. ನಲವತ್ತರ ಗಾಡಿಗೆ ಆರು ತಿಂಗಳ ನಂತರ ಇದೇ ನಲವತ್ತೈದರ ಕೆಲಸ ಬರುವುದಿಲ್ಲವೆಂದು ಹೇಳಬಲ್ಲವರು ಯಾರೂ ಇಲ್ಲ. ಮಾಸ್ತರರ ಗಾಡಿಯ ರೋಗವಾದರೋ ಗೊತ್ತಿರುವ ರೋಗ.

ಇನ್ನು 'ಹೊಸದು ತಗೊಳ್ಳಿ' ಎಂಬ ಸಲಹೆ. ಐದು ಲಕ್ಷ ಸಾಲ, ಶೇಕಡಾ 10 ಬಡ್ಡಿ, ಐದು ವರ್ಷ ಎಂದಿಟ್ಟುಕೊಂಡರೆ ತಿಂಗಳ ಕಂತು 10,624 ರೂಪಾಯಿ. ಐದು ವರ್ಷದಲ್ಲಿ ಕಟ್ಟುವ ಬಡ್ಡಿಯೇ ಒಂದು ಲಕ್ಷ ಮೂವತ್ತೇಳು ಸಾವಿರ ದಾಟುತ್ತದೆ. ಅಂದರೆ ಇಂಜಿನ್ ಕೆಲಸದ ಮೂರು ಪಟ್ಟು ಹಣವನ್ನು ಮಾಸ್ತರರು ಬಡ್ಡಿಯೊಂದಕ್ಕೇ ಕೊಡುತ್ತಾರೆ. ಗಾಡಿಯ ಬೆಲೆ ವರ್ಷವರ್ಷವೂ ಇಳಿಯುವುದು ಬೇರೆ, ಹೊಸ ಗಾಡಿಯ ಪೂರ್ಣ ವಿಮೆಯ ಕಂತು ಬೇರೆ. ಹೊಸ ಕಾರು ಪೆಟ್ರೋಲ್ ಉಳಿಸುತ್ತದೆ ಎನ್ನುವುದು ನಿಜ, ಅದನ್ನೂ ಲೆಕ್ಕಕ್ಕೆ ಹಾಕೋಣ. ಹಳೆಯದು ಲೀಟರಿಗೆ 16, ಹೊಸದು 22 ಕಿಲೊಮೀಟರ್ ಕೊಟ್ಟರೆ ವರ್ಷಕ್ಕೆ ಉಳಿಯುವುದು ಸುಮಾರು 170 ಲೀಟರ್. ಲೀಟರಿಗೆ ನೂರು ರೂಪಾಯಿ ಹಿಡಿದರೂ ಐದು ವರ್ಷಕ್ಕೆ 85 ಸಾವಿರ. ಬಡ್ಡಿಗೇ ಅದು ಸಾಲುವುದಿಲ್ಲ. 2025ರ ಸೆಪ್ಟೆಂಬರ್ 22ರಿಂದ ಸಣ್ಣ ಕಾರುಗಳ ಜಿ.ಎಸ್.ಟಿ.ಯನ್ನು ಶೇಕಡಾ 28ರಿಂದ 18ಕ್ಕೆ ಇಳಿಸಿದಾಗ ಪತ್ರಿಕೆಗಳಲ್ಲಿ ಪುಟಪುಟಗಳ ಜಾಹೀರಾತು ಬಂತು. ವಾಹನದ ಬಿಡಿಭಾಗಗಳ ತೆರಿಗೆಯೂ ಅಂದೇ 18ಕ್ಕೆ ಇಳಿಯಿತು ಎನ್ನುವುದನ್ನು ಮಾತ್ರ ಯಾರೂ ಡಂಗುರ ಸಾರಲಿಲ್ಲ. ಪಿಸ್ಟನ್ ರಿಂಗ್ ಅಗ್ಗವಾದರೆ ಜಾಹೀರಾತು ಕೊಡುವವರು ಯಾರು?

ಬಡ್ಡಿಯ ವಿಷಯ ಬಂದಾಗ ಮುಸ್ಲಿಮ್ ಓದುಗರಿಗೆ ಹೊಸದಾಗಿ ಹೇಳಬೇಕಾದದ್ದೇನೂ ಇಲ್ಲ. ರಿಬಾ ಹರಾಮ್ ಎಂಬುದು ಮಕ್ತಬಿನ ಹುಡುಗನಿಗೂ ಗೊತ್ತು. ವಿಪರ್ಯಾಸವೆಂದರೆ ಮನೆಯ ಸಾಲಕ್ಕೆ ಹತ್ತು ಉಲಮಾಗಳ ಅಭಿಪ್ರಾಯ ಕೇಳುವವರು ಕಾರಿನ ಸಾಲಕ್ಕೆ ಯಾರನ್ನೂ ಕೇಳುವುದಿಲ್ಲ. 'ಅನಿವಾರ್ಯ' ಎಂಬ ಒಂದು ಪದ ಎಲ್ಲವನ್ನೂ ಮುಚ್ಚಿಹಾಕುತ್ತದೆ. 45 ಸಾವಿರದ ದುರಸ್ತಿಯಿಂದ ತಪ್ಪಿಸಬಹುದಾದ ಸಾಲ ಅನಿವಾರ್ಯ ಹೇಗಾಗುತ್ತದೆ? ದುಂದುವೆಚ್ಚವನ್ನು ಕುರ್‌ಆನ್ ಎಷ್ಟು ಕಟುವಾಗಿ ಖಂಡಿಸಿದೆಯೆಂದು ಗೊತ್ತಿರುವವರು, ಪ್ರವಾದಿವರ್ಯರು(ಸ) ತಮ್ಮ ಪಾದರಕ್ಷೆಯನ್ನು ತಾವೇ ಹೊಲಿದುಕೊಳ್ಳುತ್ತಿದ್ದರು, ಉಡುಪಿಗೆ ತಾವೇ ತೇಪೆ ಹಾಕಿಕೊಳ್ಳುತ್ತಿದ್ದರು ಎಂದು ಹಝ್ರತ್ ಆಯಿಶಾ(ರ) ತಿಳಿಸಿದ್ದನ್ನು ಮೀಲಾದ್ ಸಭೆಗಳಲ್ಲಿ ಕೇಳಿ ತಲೆದೂಗಿದವರು, ತಮ್ಮ ಮನೆಯ ಮುಂದೆ ತೇಪೆ ಹಾಕಿದ ಗಾಡಿ ನಿಂತರೆ ನಾಚುತ್ತಾರೆ. ಮುಸ್ಲಿಮೇತರ ಓದುಗರಿಗೂ ಇದು ಅನ್ವಯವಾಗುತ್ತದೆ. ಬಸವಕಲ್ಯಾಣ ಇದೇ ಜಿಲ್ಲೆಯಲ್ಲಿದೆ. ಕಾಯಕದ ಬಗ್ಗೆ ಗಂಟೆಗಟ್ಟಲೆ ಭಾಷಣ ಕೇಳುವ ಊರುಗಳಲ್ಲಿಯೂ ಗಾಡಿಯ ಹೊಳಪು ನೋಡಿಯೇ ಮನುಷ್ಯನಿಗೆ ಕುರ್ಚಿ ಕೊಡುತ್ತಾರೆ.

ನಿಜ ಹೇಳಬೇಕೆಂದರೆ ಇಂಜಿನ್ ಕೆಲಸ ಬೇಡವೆನ್ನುವ ಎಷ್ಟೋ ಮನೆಗಳಲ್ಲಿ ಕಾರಣ ಇಂಜಿನ್ನೇ ಅಲ್ಲ, ಮಾನ. ಮಗಳ ಸಂಬಂಧ ನೋಡಲು ಬರುವವರು ಅಂಗಳದಲ್ಲಿ ಯಾವ ಗಾಡಿ ನಿಂತಿದೆಯೆಂದು ನೋಡುತ್ತಾರಂತೆ. ಅಳಿಯನಿಗೆ ಕಾರು ಕೊಡುವ ಅನಿಷ್ಟವಂತೂ ನಿಕಾಹ್ ಸರಳವಾಗಿರಬೇಕೆಂಬ ಧರ್ಮದವರ ನಡುವೆಯೇ ನಾಚಿಕೆಯಿಲ್ಲದೆ ಬೆಳೆದಿದೆ. ಅದರ ಬಗ್ಗೆ ಬರೆಯಲು ಇನ್ನೊಂದು ಲೇಖನವೇ ಬೇಕು. ಇಲ್ಲಿ ಇಷ್ಟು ಸಾಕು: ಮಾನದ ಪ್ರಶ್ನೆಗೆ ಹಣದ ಲೆಕ್ಕದ ವೇಷ ತೊಡಿಸುವುದು ಬೇಡ. 'ನನಗೆ ಹಳೆಯ ಗಾಡಿಯಲ್ಲಿ ಹೋಗಲು ಮುಜುಗರ' ಎಂದು ನೇರವಾಗಿ ಹೇಳುವವನೊಂದಿಗೆ ನಮಗೆ ಜಗಳವಿಲ್ಲ.

ಇನ್ನೊಂದು ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ. 'ಕೊಟ್ಟುಬಿಡಿ' ಎನ್ನುತ್ತಾರಲ್ಲ, ಯಾರಿಗೆ? ಆಯಿಲ್ ಕುಡಿಯುವ ಗಾಡಿ ಕೊಟ್ಟ ಕೂಡಲೇ ಭೂಮಿಯಿಂದ ಮಾಯವಾಗುವುದಿಲ್ಲ. ಇಂಜಿನ್ನಿಗೆ ದಪ್ಪ ಆಯಿಲ್ ಹಾಕಿ, ಹೊಗೆ ಅಡಗಿಸುವ ಡಬ್ಬಿಯ ಮದ್ದು ಸುರಿದು, ಮೇಲೆ ಪಾಲಿಶ್ ಹೊಡೆದು, ಬೆಳಿಗ್ಗೆ ಮೊದಲೇ ಇಂಜಿನ್ ಬಿಸಿಮಾಡಿಟ್ಟು ತೋರಿಸುತ್ತಾರೆ. ಕೊಳ್ಳುವವನು ಯಾರು? ಹೈದರಾಬಾದಿನಲ್ಲೋ ಪುಣೆಯಲ್ಲೋ ದುಡಿದು ಕೂಡಿಟ್ಟ ಹಣದಲ್ಲಿ ಜೀವನದ ಮೊದಲ ಗಾಡಿ ಕೊಳ್ಳುತ್ತಿರುವ ಹುಡುಗ, ಸೋಯಾಬೀನ್ ಮಾರಿದ ದುಡ್ಡು ಹಿಡಿದು ಬಂದ ರೈತ. ಮೂರನೆಯ ತಿಂಗಳಿಗೆ ಅವನ ಗಾಡಿ ನಿಲ್ಲುತ್ತದೆ. ನಮ್ಮಿಂದ ಹೊರಲಾಗದ ಖರ್ಚನ್ನು ನಮಗಿಂತ ಬಡವನ ತಲೆಗೆ ಕಟ್ಟಿ ಬಂದು 'ಒಳ್ಳೆಯ ವ್ಯಾಪಾರವಾಯಿತು' ಎಂದು ಮನೆಯಲ್ಲಿ ಹೇಳಿಕೊಳ್ಳುತ್ತೇವೆ. ಮದೀನಾದ ಪೇಟೆಯಲ್ಲಿ ಧಾನ್ಯದ ರಾಶಿಯೊಳಗೆ ಕೈ ಹಾಕಿ ಒಳಗಿನ ತೇವವನ್ನು ಹೊರತೆಗೆದು ತೋರಿಸಿದ ಪ್ರವಾದಿ(ಸ)ಯ ಪ್ರಸಂಗವನ್ನು ನಾವು ಕಿರಾಣಿ ಅಂಗಡಿಯವರಿಗೆ ಮಾತ್ರ ಅನ್ವಯಿಸುತ್ತೇವೆ. ಗೇಜು ಹಾಕದೆ ತಿಳಿಯದ ಇಂಜಿನ್ನಿನ ದೋಷ ಆ ಒಳಗಿನ ತೇವವಲ್ಲದೆ ಇನ್ನೇನು?

ದೊಡ್ಡ ದೇಶಗಳು ಮಾಡುತ್ತಿರುವುದೂ ಇದನ್ನೇ. ಯುರೋಪ್, ಜಪಾನ್, ಅಮೆರಿಕಗಳು 2015ರಿಂದ 2018ರ ನಡುವೆ 1 ಕೋಟಿ 40 ಲಕ್ಷ ಬಳಸಿದ ಲಘು ವಾಹನಗಳನ್ನು ಹೊರದೇಶಗಳಿಗೆ ಸಾಗಿಸಿದವೆಂದು ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ 2020ರ ವರದಿ ಹೇಳಿತು. ಅವುಗಳಲ್ಲಿ ಶೇಕಡಾ 80ರಷ್ಟು ಬಡ ಮತ್ತು ಮಧ್ಯಮ ಆದಾಯದ ದೇಶಗಳಿಗೆ ಹೋದವು. ಅತಿ ದೊಡ್ಡ ಪಾಲು ಸೇರಿದ್ದು ಆಫ್ರಿಕವನ್ನು. ತಮ್ಮ ರಸ್ತೆ ಸ್ವಚ್ಛವಾಯಿತೆಂದು ಅವರು ಬೀಗುತ್ತಾರೆ. ಇನ್ನೊಂದೆಡೆ ಕ್ಯೂಬಾದವರು ಅಮೆರಿಕದ ದಿಗ್ಬಂಧನದಿಂದಾಗಿ ಐವತ್ತರ ದಶಕದ ಕಾರುಗಳನ್ನು ಇಂಜಿನ್ ಬದಲಿಸಿ, ಬದಲಿಸಿ ಇಂದಿಗೂ ಓಡಿಸುತ್ತಿದ್ದಾರೆ. ನಾವು ಅವರಂತಾಗಬೇಕಿಲ್ಲ. ಅದು ಅವರ ಆಯ್ಕೆಯಲ್ಲ, ಅವರ ಮೇಲೆ ಹೇರಿದ ಶಿಕ್ಷೆ. ಆದರೂ 15 ವರ್ಷವೇ ಗಾಡಿಯ ಆಯುಷ್ಯವೆಂಬುದು ಲೋಹದ ನಿಯಮವಲ್ಲ ಎಂದು ತಿಳಿಯಲು ಆ ಒಂದು ಉದಾಹರಣೆ ಸಾಕು.

ಹಾಗೆಂದು 'ಇಂಜಿನ್ ಹೋಗಿದೆ' ಎಂದ ಕೂಡಲೇ 45 ಸಾವಿರ ಎಣಿಸಿ ಕೊಡಿ ಎಂದು ನಾವು ಹೇಳುತ್ತಿಲ್ಲ. ನಮ್ಮಲ್ಲಿ ಹೆಚ್ಚಿನ ಗಾಡಿಗಳಿಗೆ ಮರಣದಂಡನೆಯಾಗಲಿ ದೊಡ್ಡ ಆಪರೇಶನ್ನಾಗಲಿ ನಿಶ್ಚಯವಾಗುವುದು ಸರಿಯಾದ ವಿಚಾರಣೆ ಇಲ್ಲದೆಯೇ. ನೀಲಿ ಹೊಗೆ ಬಂದರೆ ಆಯಿಲ್ ಉರಿಯುತ್ತಿದೆ ಎಂದರ್ಥ. ಆದರೆ ಅದು ರಿಂಗ್ ಸವೆದು ಬರುತ್ತಿದೆಯೇ, ವಾಲ್ವಿನ ರಬ್ಬರ್ ಸೀಲ್ ಗಟ್ಟಿಯಾಗಿ ಬರುತ್ತಿದೆಯೇ? ಎರಡರ ಖರ್ಚಿನಲ್ಲಿ ಅಜಗಜಾಂತರ. ರಾತ್ರಿಯಿಡೀ ನಿಂತ ಗಾಡಿ ಬೆಳಿಗ್ಗೆ ಚಾಲೂ ಮಾಡಿದಾಗ ಒಂದಿಷ್ಟು ನೀಲಿ ಹೊಗೆ ಬಿಟ್ಟು ನಂತರ ಸುಮ್ಮನಾದರೆ ಮೊದಲು ಸೀಲಿನ ಮೇಲೆ ಅನುಮಾನ ಪಡಬೇಕು. ಎಳೆಯುವಾಗಲೆಲ್ಲ ಹೊಗೆ ಬಂದರೆ ರಿಂಗಿನ ಮೇಲೆ. ಬಿಳಿ ಹೊಗೆಯ ಜೊತೆಗೆ ರೇಡಿಯೇಟರಿನ ನೀರು ಕಡಿಮೆಯಾಗುತ್ತಿದ್ದರೆ ಹೆಡ್ ಗ್ಯಾಸ್ಕೆಟ್. ಕಪ್ಪು ಹೊಗೆ ಬಹುಪಾಲು ಇಂಧನ ಹೆಚ್ಚಾಗಿ ಉರಿಯುವ ಲಕ್ಷಣ, ಅದಕ್ಕೆ ಇಂಜಿನ್ ಬಿಚ್ಚುವ ಮಾತೇ ಇಲ್ಲ.

ಇವೆಲ್ಲಕ್ಕೂ ಮಿಗಿಲಾಗಿ ಕಂಪ್ರೆಶನ್ ನೋಡುವ ಗೇಜು ಎಂಬುದೊಂದಿದೆ. ಸ್ಪಾರ್ಕ್ ಪ್ಲಗ್ ಬಿಚ್ಚಿ ಅದರ ಜಾಗದಲ್ಲಿ ಗೇಜು ಸಿಕ್ಕಿಸಿ, ಇಂಜಿನ್ ತಿರುಗಿಸಿ, ಒಂದೊಂದು ಸಿಲಿಂಡರಿನ ಒತ್ತಡ ಬರೆದುಕೊಳ್ಳುವುದು. ಒಂದು ಸಿಲಿಂಡರಿನಲ್ಲಿ ಕಡಿಮೆ ಬಂದರೆ ಆ ರಂಧ್ರದಿಂದ ಒಂದು ಚಮಚ ಆಯಿಲ್ ಬಿಟ್ಟು ಮತ್ತೆ ನೋಡಬೇಕು. ಒತ್ತಡ ಏರಿದರೆ ದೋಷ ರಿಂಗ್-ಬೋರಿನದು. ಏರದಿದ್ದರೆ ವಾಲ್ವಿನದು ಅಥವಾ ಗ್ಯಾಸ್ಕೆಟ್ಟಿನದು. ಅಕ್ಕಪಕ್ಕದ ಎರಡು ಸಿಲಿಂಡರುಗಳು ಒಟ್ಟಿಗೇ ಇಳಿದಿದ್ದರೆ ಅವುಗಳ ನಡುವೆ ಗ್ಯಾಸ್ಕೆಟ್ ಹೋಗಿರುವ ಸಂಭವ ಹೆಚ್ಚು. ಅರ್ಧ ಗಂಟೆಯ ಕೆಲಸ. ರಕ್ತ ಪರೀಕ್ಷೆ ಮಾಡಿಸದೆ ಹೊಟ್ಟೆ ಕೊಯ್ಯಲು ಒಪ್ಪದ ನಾವು ಈ ಅರ್ಧ ಗಂಟೆಯ ಪರೀಕ್ಷೆಯಿಲ್ಲದೆ ಇಂಜಿನ್ ಇಳಿಸಲು ಒಪ್ಪಿಬಿಡುತ್ತೇವೆ.

ಮೂಲ ಕಾರಣ ನಮ್ಮ ಅಂಗಳದಲ್ಲೇ ಇರುತ್ತದೆ. ಬೀದರ್ ಸೀಮೆಯ ಏಪ್ರಿಲ್-ಮೇ ಬಿಸಿಲು ಗೊತ್ತಿದ್ದೂ ರೇಡಿಯೇಟರಿಗೆ ಕೂಲೆಂಟ್ ಬದಲು ಕೊಳವೆಬಾವಿಯ ಗಡಸು ನೀರು ಸುರಿಯುತ್ತೇವೆ. ಚಹಾದ ಪಾತ್ರೆಯ ತಳದಲ್ಲಿ ಕಟ್ಟುವ ಬಿಳಿ ಪದರವೇ ರೇಡಿಯೇಟರಿನ ಸಣ್ಣ ಕೊಳವೆಗಳಲ್ಲೂ ಕಟ್ಟುತ್ತದೆ. ನೀರು ಹರಿಯದೆ ಇಂಜಿನ್ ಕಾದು, ಅಲ್ಯುಮಿನಿಯಂ ಹೆಡ್ ಬಾಗಿ, ಗ್ಯಾಸ್ಕೆಟ್ ಹರಿಯುತ್ತದೆ. ಕಚ್ಚಾ ರಸ್ತೆಯ ಧೂಳು ತುಂಬಿದ ಏರ್ ಫಿಲ್ಟರನ್ನು ಎರಡೆರಡು ವರ್ಷ ಬದಲಿಸುವುದಿಲ್ಲ. ಆ ಧೂಳು ಬೋರಿನೊಳಗೆ ಮರಳು ಕಾಗದದಂತೆ ಉಜ್ಜುತ್ತದೆ. ಹೀಗೆ ಕೊಂದ ಇಂಜಿನ್ನನ್ನು 'ವಯಸ್ಸಾಯಿತು' ಎನ್ನುವುದು ಎಂಥ ನ್ಯಾಯ?

ಅರ್ಧ ಕೆಲಸದ ಚಟವಂತೂ ಇಡೀ ವಾದವನ್ನೇ ಹಾಳು ಮಾಡಿದೆ. 'ಬೋರ್ ಗೀರ್ ಬೇಡ ಉಸ್ತಾದ್, ಬರೀ ರಿಂಗ್ ಹಾಕಿ ಕೊಡಿ' ಎಂದು ಮಾಲೀಕ ಚೌಕಾಸಿ ಮಾಡುತ್ತಾನೆ. ಸವೆದು ಮೊಟ್ಟೆಯಾಕಾರವಾದ ಬೋರಿಗೆ ಹೊಸ ಗುಂಡು ರಿಂಗ್ ಹಾಕಿದರೆ ಅದು ಕೂಡುವುದೆಲ್ಲಿ? ಲೇತಿಗೆ ಕೊಟ್ಟು, ಸವೆತ ಅಳೆದು, 0.25 ಅಥವಾ 0.50 ಮಿಲಿಮೀಟರ್ ಹೆಚ್ಚು ಅಳತೆಗೆ ಬೋರ್ ಮಾಡಿಸಿ, ಅದೇ ಅಳತೆಯ ಪಿಸ್ಟನ್ ಹಾಕಬೇಕು. ಕ್ರ್ಯಾಂಕ್ ಅಳೆಯಬೇಕು, ಹೆಡ್ಡಿನ ಮಟ್ಟ ನೋಡಬೇಕು, ಆಯಿಲ್ ಪಂಪ್ ನೋಡಬೇಕು. ಮೊದಲ ಸಾವಿರ ಕಿಲೊಮೀಟರ್ ಮೆಲ್ಲಗೆ ಓಡಿಸಿ ಆಯಿಲ್ ಬದಲಿಸಬೇಕು. ಇದೆಲ್ಲ ಬಿಟ್ಟು ಹದಿನೈದು ಸಾವಿರದಲ್ಲಿ ಮುಗಿಸಿದ ಕೆಲಸ ಆರು ತಿಂಗಳಲ್ಲಿ ಕೈಕೊಡುತ್ತದೆ. ಆಗ 'ನೋಡಿ, ಹಳೆಯ ಗಾಡಿಗೆ ದುಡ್ಡು ಹಾಕಬಾರದು ಅಂತ ಹೇಳಿದ್ದೆವಲ್ಲ' ಎಂಬ ಕೋರಸ್ ಮತ್ತೆ ಶುರುವಾಗುತ್ತದೆ. ಹಾಳಾದದ್ದು ಗಾಡಿಗೆ ಹಾಕಿದ ದುಡ್ಡಲ್ಲ, ಉಳಿಸಲು ಹೋದ ದುಡ್ಡು. ಪೂರ್ತಿ ಮಾಡಿಸುವ ಶಕ್ತಿಯಿಲ್ಲದಿದ್ದರೆ ಮುಟ್ಟದೆ ಬಿಡುವುದು ಮೇಲು.

ಮಿಸ್ತ್ರಿಗಳ ಬಗ್ಗೆಯೂ ಎರಡು ಮಾತು ಹೇಳಲೇಬೇಕು. ಮುಸ್ಲಿಮರು ಸಂಬಳದ ನೌಕರಿಗಿಂತ ಸ್ವಯಂ ಉದ್ಯೋಗದಲ್ಲೇ ಹೆಚ್ಚು ತೊಡಗಿದ್ದಾರೆ, ಅವರು ಹೆಚ್ಚಾಗಿರುವ ಕಸುಬುಗಳಲ್ಲಿ ವಾಹನ ದುರಸ್ತಿಯೂ ಒಂದು ಎಂದು 2006ರ ಸಾಚಾರ್ ವರದಿ ಗುರುತಿಸಿತ್ತು. ಬೀದರ್, ಭಾಲ್ಕಿ, ಉದಗೀರ್‌ಗಳ ಗ್ಯಾರೇಜುಗಳ ಮುಂದೆ ಒಮ್ಮೆ ನಡೆದರೆ ವರದಿ ಓದಬೇಕಾಗಿಲ್ಲ. ಪ್ರತಿಯೊಬ್ಬ ಹೊಸ ಕಾರಿನತ್ತ ಓಡಿದಾಗ ಕಂತಿನ ಹಣ ಊರು ಬಿಟ್ಟು ಹೋಗುತ್ತದೆ. ಇಂಜಿನ್ ಕಟ್ಟಿಸಿದಾಗ ಕೂಲಿ ಊರಲ್ಲೇ ಉಳಿಯುತ್ತದೆ. ಬೀದರಿನ ಬಿದ್ರಿ ಕಲೆಗೆ 2006ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಬಂತು, 2023ರಲ್ಲಿ ಅದರ ಉಸ್ತಾದ್ ಶಾ ರಶೀದ್ ಅಹ್ಮದ್ ಖಾದ್ರಿಯವರಿಗೆ ಪದ್ಮಶ್ರೀ ಬಂತು. ಹೆಮ್ಮೆಯ ವಿಷಯ. ಲೋಹದ ಗುಣ ಬೆರಳ ತುದಿಯಲ್ಲಿ ತಿಳಿಯುವ ಇನ್ನೊಂದು ಬಗೆಯ ಕೈಗಳು ಅದೇ ಜಿಲ್ಲೆಯ ಗ್ಯಾರೇಜಿನ ಮಸಿಯಲ್ಲಿವೆ. ಅವರಿಗೆ ಹೆಣ್ಣು ಕೊಡಲು ನಾವೇ ಹಿಂದೆಮುಂದೆ ನೋಡುತ್ತೇವೆ.

ಆದರೆ ಅವರನ್ನು ಹೊಗಳಿ ಅಟ್ಟಕ್ಕೇರಿಸುವ ಉದ್ದೇಶ ನಮಗಿಲ್ಲ. ಜನ ಹೊಸ ಗಾಡಿಯ ಷೋರೂಮಿನ ಕಡೆ ಓಡಲು ಗ್ಯಾರೇಜಿನವರ ಪಾಲೂ ಇದೆ. ಶುಕ್ರವಾರ ಕೊಡುತ್ತೇನೆಂದ ಗಾಡಿ ಮೂರು ಶುಕ್ರವಾರ ಕಳೆದರೂ ಜ್ಯಾಕಿನ ಮೇಲೇ ಇರುತ್ತದೆ. ಅಸಲಿ ಎಂದು ಹೇಳಿ ನಕಲಿ ಬೇರಿಂಗ್ ಹಾಕುವವರಿದ್ದಾರೆ. ಬಿಲ್ ಕೇಳಿದರೆ 'ನಮ್ಮ ಮೇಲೆ ಭರವಸೆ ಇಲ್ಲವಾ ಭಾಯ್?' ಎಂದು ಮುನಿಸಿಕೊಳ್ಳುತ್ತಾರೆ. ಮಾತು ತಪ್ಪುವುದು ಮತ್ತು ಅಮಾನತ್ತಿನಲ್ಲಿ ವಂಚಿಸುವುದು ಮುನಾಫಿಕನ ಲಕ್ಷಣಗಳೆಂದು ಕಲಿತವರು ಗ್ಯಾರೇಜಿನ ಬಾಗಿಲಲ್ಲಿ ಆ ಪಾಠವನ್ನು ಮರೆಯಬಾರದು. ಎಷ್ಟಾಗುತ್ತದೆಂದು ಮೊದಲೇ ಬರೆದು ಕೊಡುವುದು, ತೆಗೆದ ಹಳೆಯ ಭಾಗಗಳನ್ನು ಒಂದು ಚೀಲದಲ್ಲಿ ಮಾಲೀಕನಿಗೆ ಒಪ್ಪಿಸುವುದು, ಲೇತಿನವನ ಅಳತೆಯ ಚೀಟಿ ತೋರಿಸುವುದು: ಈ ಮೂರು ರೂಢಿಗೆ ಬಂದರೆ ಅರ್ಧ ಅಪನಂಬಿಕೆ ಅಲ್ಲಿಗೇ ಮುಗಿಯುತ್ತದೆ.

ಸರಕಾರ ಏನು ಮಾಡುತ್ತಿದೆ? ಕಾನೂನಿನ ಪ್ರಕಾರ ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ, ತಪಾಸಣೆಯಾಗಿ ಐದೈದು ವರ್ಷಕ್ಕೆ ನವೀಕರಣವಾಗುತ್ತದೆ. ಇದರಲ್ಲಿ ತಪ್ಪೇನಿಲ್ಲ. ಆದರೆ 2021ರಲ್ಲಿ ಗುಜರಿ ನೀತಿ ಬಂದ ಮೇಲೆ ಆ ನವೀಕರಣದ ಶುಲ್ಕವನ್ನು 600 ರೂಪಾಯಿಯಿಂದ 5,000ಕ್ಕೆ ಏರಿಸಲಾಯಿತು. ಅದು 2022ರ ಏಪ್ರಿಲ್ 1ರಿಂದ ಜಾರಿಗೆ ಬಂತು. 2025ರ ಆಗಸ್ಟಿನಲ್ಲಿ 20 ವರ್ಷ ದಾಟಿದ ಕಾರುಗಳಿಗೆ ಅದನ್ನು 10,000 ಮಾಡಲಾಯಿತು. ಈ ಹಣದ ಬದಲಿಗೆ ತಪಾಸಣೆ ಹತ್ತು ಪಟ್ಟು ಚೆನ್ನಾಗಿ ಆಯಿತೇ? ಹೊಗೆ ಬಿಡುವ ಗಾಡಿಗೆ ದಂಡ ಹಾಕಿ, ನಾವು ಬೆಂಬಲಿಸುತ್ತೇವೆ. ಹೊಗೆ ಬಿಡದಂತೆ ಇಂಜಿನ್ ಕಟ್ಟಿಸಿದವನಿಗೂ ಅದೇ ಶುಲ್ಕ, ಕಟ್ಟಿಸದವನಿಗೂ ಅದೇ ಶುಲ್ಕ ಎಂದರೆ ಶಿಕ್ಷೆ ಬೀಳುತ್ತಿರುವುದು ಹೊಗೆಗಲ್ಲ, ವಯಸ್ಸಿಗೆ. ದೆಹಲಿಯಲ್ಲಿ 2025ರ ಜುಲೈ 1ರಿಂದ ವಯಸ್ಸಾದ ವಾಹನಗಳಿಗೆ ಪೆಟ್ರೋಲ್-ಡೀಸೆಲ್ಲೇ ಕೊಡಬಾರದೆಂದು ಹೊರಟು, ಜನರ ಆಕ್ರೋಶಕ್ಕೆ ಕೆಲವೇ ದಿನಗಳಲ್ಲಿ ಅದನ್ನು ತಡೆಹಿಡಿಯಬೇಕಾಯಿತು. ದೆಹಲಿಯ ಗಾಳಿಯ ಸಮಸ್ಯೆ ದೊಡ್ಡದು, ಒಪ್ಪುತ್ತೇವೆ. ಆ ಔಷಧಿಯನ್ನು ಕಮಲನಗರಕ್ಕೂ ಕುಡಿಸುವ ಯೋಚನೆ ಯಾರಿಗೂ ಬಾರದಿರಲಿ.

ಪರಿಸರದ ಮಾತನ್ನು ಮುಂದಿಡುವ ಯುವಕರಿಗೆ ಒಂದು ವಿಷಯ ಒಪ್ಪಿಸಬೇಕಾಗಿದೆ. ಹೊಸ ಬಿ.ಎಸ್.-6 ಗಾಡಿಯ ಹೊಗೆ ಹಳೆಯದಕ್ಕಿಂತ ಬಹಳ ಸ್ವಚ್ಛ, ಇದರಲ್ಲಿ ವಾದವಿಲ್ಲ. ಆದರೆ ಹಳೆಯ ಗಾಡಿ ಇನ್ನೊಬ್ಬನ ಕೈಯಲ್ಲಿ, ಕೆಟ್ಟ ಇಂಜಿನ್ನಿನೊಂದಿಗೇ ಓಡುತ್ತಿರುವಾಗ ನೀವು ಹೊಸದನ್ನು ಕೊಂಡ ಮಾತ್ರಕ್ಕೆ ಗಾಳಿ ಶುದ್ಧವಾಗುವುದಿಲ್ಲ. ಒಂದು ಗಾಡಿಯಿದ್ದಲ್ಲಿ ಎರಡಾಗುತ್ತವೆ, ಅಷ್ಟೆ.

ಹಾಗಾದರೆ ಎಂದೂ ಬಿಡಬಾರದೇ? ಬಿಡಬೇಕಾದ ಗಾಡಿಗಳಿವೆ. ಅಲ್ಲಿ ನಮ್ಮ ನಿಲುವು ಇಷ್ಟೇ ಖಚಿತ. ಇಂಜಿನ್ ನೋಡುವ ಮೊದಲು ಗಾಡಿಯ ಕೆಳಗೆ ಮಲಗಿ ತಳ ನೋಡಬೇಕು. ಸಸ್ಪೆನ್ಶನ್ ಕೂರುವ ಜಾಗ, ಬಾಗಿಲ ಕೆಳಗಿನ ಪಟ್ಟಿ, ನೆಲದ ತಗಡು ತುಕ್ಕು ಹಿಡಿದು ಸ್ಕ್ರೂ ಡ್ರೈವರ್ ಚುಚ್ಚಿದರೆ ಒಳಹೋಗುತ್ತಿದ್ದರೆ ಆ ದೇಹಕ್ಕೆ ಹೊಸ ಹೃದಯ ಹಾಕುವುದು ಮೂರ್ಖತನ. ದೊಡ್ಡ ಅಪಘಾತದಲ್ಲಿ ಚೌಕಟ್ಟು ತಿರುಚಿದ ಗಾಡಿಗೂ ಇದೇ ಮಾತು. ಇಂಜಿನ್ನಿನ ಜೊತೆಗೆ ಗೇರ್ ಬಾಕ್ಸ್, ಸ್ಟಿಯರಿಂಗ್, ಬ್ರೇಕು ಎಲ್ಲವೂ ಸಾಲಾಗಿ ಖರ್ಚು ಕೇಳುತ್ತಿದ್ದರೆ 45 ಸಾವಿರದ ಲೆಕ್ಕ ಲೆಕ್ಕವಾಗಿ ಉಳಿಯುವುದಿಲ್ಲ. 'ಹೋದ ವರ್ಷ ಇಪ್ಪತ್ತು ಸಾವಿರ ಹಾಕಿದ್ದೇನೆ, ಈಗ ಹೇಗೆ ಬಿಡಲಿ?' ಎನ್ನುವವರಿದ್ದಾರೆ. ಹೋದ ದುಡ್ಡು ಹೋಯಿತು. ಮುಂದೆ ಹಾಕುವ ದುಡ್ಡಿಗೆ ಮುಂದೆ ಏನು ಸಿಗುತ್ತದೆಂಬುದನ್ನಷ್ಟೇ ನೋಡಬೇಕು. ಅಪ್ಪ ಓಡಿಸಿದ ಗಾಡಿ ಎಂಬ ಮಮತೆಯೂ ತುಕ್ಕನ್ನು ನಿಲ್ಲಿಸುವುದಿಲ್ಲ.

ಸುರಕ್ಷತೆಯ ಪ್ರಶ್ನೆಗೆ ನಮ್ಮ ಬಳಿ ಸುಲಭದ ಉತ್ತರವಿಲ್ಲ. ಚಾಲಕನಿಗೆ ಏರ್ ಬ್ಯಾಗ್ ಇರಲೇಬೇಕೆಂಬ ನಿಯಮ ಹೊಸ ಕಾರುಗಳಿಗೆ ಬಂದದ್ದೇ 2019ರಲ್ಲಿ. ಹಳೆಯ 800ರಲ್ಲಿ ಅದೂ ಇಲ್ಲ, ಎ.ಬಿ.ಎಸ್. ಬ್ರೇಕೂ ಇಲ್ಲ. ಹಳ್ಳಿಯ ಶಾಲೆಗೆ ನಲವತ್ತರ ವೇಗದಲ್ಲಿ ಹೋಗಿಬರುವ ಮಾಸ್ತರರಿಗೆ ಇದೊಂದು ಮಾತು. ವಾರಕ್ಕೆ ಎರಡು ಬಾರಿ ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಹೈದರಾಬಾದ್ ಹೆದ್ದಾರಿಯಲ್ಲಿ ಓಡುವವನಿಗೆ ಇನ್ನೊಂದು ಮಾತು. ಎರಡನೆಯವನು 'ಇಂಜಿನ್ ಕೆಲಸ ಬೇಡ, ಸ್ವಲ್ಪ ಹೊಸ ಗಾಡಿ ನೋಡುತ್ತೇನೆ' ಎಂದರೆ ನಾವು ಅಡ್ಡ ಬರುವುದಿಲ್ಲ. ಆದರೆ ಕಾರಣ ಮಕ್ಕಳ ತಲೆಯಾಗಿರಲಿ, ನೆರೆಯವನ ಕಣ್ಣಾಗದಿರಲಿ. ಸಾಧ್ಯವಿದ್ದರೆ ಕೂಡಿಟ್ಟು ಕೈಯಿಂದ ಕೊಟ್ಟು ಕೊಳ್ಳಲಿ.

ಬಿಡುವುದಾದರೆ ಹೇಗೆ ಬಿಡಬೇಕೆಂಬುದೂ ಮುಖ್ಯ. ಓಡುವ ಗಾಡಿಯನ್ನು ಮಾರುವವರು ಗೇಜಿನ ಅಂಕಿಯನ್ನು ಕಾಗದದಲ್ಲಿ ಬರೆದು ಕೊಳ್ಳುವವನ ಕೈಗೆ ಕೊಡಲಿ. 'ಇಂಜಿನ್ ಕೆಲಸಕ್ಕೆ ಬಂದಿದೆ' ಎಂದು ಬಾಯಿ ಬಿಟ್ಟು ಹೇಳಲಿ. ಬೆಲೆ ಹತ್ತು ಸಾವಿರ ಇಳಿದರೂ ಇಳಿಯಲಿ. ತುಕ್ಕು ತಿಂದ ಗಾಡಿಯನ್ನು ಮಾರಲೇಬಾರದು. ಅದನ್ನು ಅಧಿಕೃತ ಗುಜರಿ ಕೇಂದ್ರಕ್ಕೆ ಒಪ್ಪಿಸಿ, ಪ್ರಮಾಣಪತ್ರ ಪಡೆದು, ಆರ್.ಟಿ.ಓ. ಕಚೇರಿಯಲ್ಲಿ ಆರ್.ಸಿ. ರದ್ದು ಮಾಡಿಸಬೇಕು. ದಾರಿಯಲ್ಲಿ ಸಿಕ್ಕ ಗುಜರಿಯವನಿಗೆ ಬೀಗದ ಕೈ ಕೊಟ್ಟು ಆರ್.ಸಿ.ಯನ್ನು ಮನೆಯ ಕಪಾಟಿನಲ್ಲಿಟ್ಟುಕೊಂಡರೆ, ನಿಮ್ಮ ಹೆಸರಿನ ಕೆ.ಎ.-38 ಇಲ್ಲವೇ ಕೆ.ಎ.-39 ಫಲಕ ಹೊತ್ತ ಗಾಡಿ ಇನ್ನೆಲ್ಲೋ ಗಡಿಯಾಚೆ ಅದೇ ತುಕ್ಕಿನ ತಳದೊಂದಿಗೆ ಜನರನ್ನು ತುಂಬಿಕೊಂಡು ಓಡುತ್ತಿರುತ್ತದೆ. ಅಪಘಾತವಾದ ದಿನ ಪೊಲೀಸರು ಹುಡುಕಿಕೊಂಡು ಬರುವುದು ನಿಮ್ಮ ಮನೆಗೇ.